ಗಾಯ ಮಾಯುವ ಕಾಲ
(ಸೌಂದರ್ಯಚಿಕಿತ್ಸೆಗಾಗಿ ವಿದೇಶಕ್ಕೆ ಹೋಗಬಹುದೆ?)

1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೈನ್ಯದ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್ಜಿ ಎಂಬ ಮರಾಠನು ಟಿಪ್ಪುಸುಲ್ತಾನನಿಗೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಹೆಚ್ಚು ಕಾಲ ಮೂಗಿಲ್ಲದೆ ಬಾಳಿದ ಅವನಿಗೆ, ಪುಣೆಯ ಸಮೀಪದಲ್ಲಿದ್ದ ಇಟ್ಟಿಗೆ ಮಾಡುವ ಕುಲದವನೊಬ್ಬನು ಹೊಸ ಮೂಗನ್ನು ಮಾಡಿಕೊಟ್ಟನು. ಹಣೆಯ ಚರ್ಮವನ್ನು ಮೂಗಿನ ಆಕಾರಕ್ಕೆ ಕೊಯ್ದು, ಹುಬ್ಬುಗಳ ನಡುವಣ ಒಂದು ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸಿ, ಕೆಳಕ್ಕೆ ತಿರುಗಿಸಿ ಕೂಡಿಸುವುದು ಅವನ ಕ್ರಮ. ಆ ಪಟ್ಟಿಯೊಳಗಿನ ರಕ್ತವೇ ಹೊಸ ಮೂಗಿಗೆ ಜೀವಾಧಾರ. ಅದನ್ನು ಕತ್ತರಿಸುತ್ತಿದ್ದುದು ಸುಮಾರು 25ನೆಯ ದಿನ. ಅಷ್ಟು ದಿನವೂ ರೋಗಿಯು ವೈದ್ಯನ ಕಣ್ಣೆದುರಿಗೇ ಇರಬೇಕಾಗಿತ್ತು.

ಈ ವೃತ್ತಾಂತವು 1794ರಲ್ಲಿ ಲಂಡನ್ನಿನ ‘ಜೆಂಟಲ್‌ಮನ್ಸ್ ಮ್ಯಾಗಜೀನ್’ ಪತ್ರಿಕೆಯಲ್ಲಿ ಅಚ್ಚಾಯಿತು. ಭಾರತದ ಈ ಕ್ರಮವನ್ನು ಅಭ್ಯಾಸಮಾಡಿದ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನು 1814ರಲ್ಲಿ ಲಂಡನ್ನಿನಲ್ಲಿಯೇ ಅದನ್ನು ನಡೆಸಿ ಜಯಶಾಲಿಯಾದನು. ಅಂದು ವಿದ್ಯೆ ಕಡಲು ದಾಟಿತು. ಇಂದು ರೋಗಿಯೇ ಕಡಲು ದಾಟುತ್ತಾನೆ. ತಲೆಗೂದಲ ನಾಟಿಗೆ ತುರ್ಕಿ, ಮುಖದ ತಿದ್ದುಪಡಿಗೆ ದಕ್ಷಿಣ ಕೊರಿಯ ಮತ್ತು ಥಾಯ್ಲೆಂಡ್, ಅಮೆರಿಕನ್ನರಿಗೆ ನೆರೆಯ ಮೆಕ್ಸಿಕೊ ಮತ್ತು ಡೊಮಿನಿಕನ್ ಗಣರಾಜ್ಯ ಪ್ರಸಿದ್ಧ ತಾಣಗಳಾಗಿವೆ. ರಜೆಗೆಂದು ಊರಿಗೆ ಬಂದ ಹೊರನಾಡ ಕನ್ನಡಿಗರು ಬೆಂಗಳೂರಿನಲ್ಲಿ ಹಲ್ಲುಗಳನ್ನು ಸರಿಪಡಿಸಿಕೊಂಡು ಹಿಂದಿರುಗುವುದೂ ಉಂಟು.

ಇಂತಹ ಪ್ರಯಾಣ ಯೋಗ್ಯವೆ? ವೆಚ್ಚ ಕಡಮೆ ಎಂಬುದೊಂದೇ ಕಾರಣದಿಂದ ಚಿಕಿತ್ಸೆ ಕೀಳೆಂದು ಹೇಳಲಾಗದು. ಕೂಲಿಯೂ ಬಾಡಿಗೆಯೂ ಕಡಮೆಯಾದ ದೇಶದಲ್ಲಿ ಒಳ್ಳೆಯ ವೈದ್ಯನೂ ಕಡಮೆ ಹಣಕ್ಕೆ ಕೆಲಸ ಮಾಡಬಲ್ಲನು. ಆದರೆ ಜನರು ಹಣವನ್ನು ಲೆಕ್ಕಹಾಕುತ್ತಾರೆ, ವೈದ್ಯನ ಹೆಸರನ್ನು ವಿಚಾರಿಸುತ್ತಾರೆ, ದಿನಗಳನ್ನು ಮಾತ್ರ ಎಣಿಸುವುದಿಲ್ಲ. ಈ ಎಣಿಕೆಯನ್ನು ನಾವು ಈಗ ಮಾಡಿ ನೋಡೋಣ.

ಗಾಯವು ಮಾಯುವ ಬಗೆ

ಚರ್ಮವನ್ನು ಕೊಯ್ದೊಡನೆ ರಕ್ತವು ಹೆಪ್ಪುಗಟ್ಟಿ ಬಿರುಕನ್ನು ಮುಚ್ಚುತ್ತದೆ. ಮೊದಲ ಕೆಲವು ದಿನಗಳಲ್ಲಿ ಬಿಳಿಯ ರಕ್ತಕಣಗಳು ಅಲ್ಲಿಗೆ ಧಾವಿಸಿ ಸತ್ತ ಕಣಗಳನ್ನೂ ಸೂಕ್ಷ್ಮಜೀವಿಗಳನ್ನೂ ಕಬಳಿಸುತ್ತವೆ. ಬಾವು, ಕೆಂಪು, ನೋವು ಈ ಕೆಲಸದ ಗುರುತುಗಳು. ಅನಂತರ ಕೊಲ್ಲಾಜೆನ್ ಎಂಬ ನಾರಿನಂತಹ ಪ್ರೋಟೀನು ತಯಾರಾಗಿ ಎರಡು ಅಂಚುಗಳನ್ನೂ ಬೆಸೆಯುತ್ತದೆ. ಹೀಗೆ ಕೂಡಿದ ನಾರುಗಳು ಕ್ರಮವಾಗಿ ಜೋಡಣೆಗೊಂಡು ಬಿಗಿಯಾಗುವುದಕ್ಕೆ ತಿಂಗಳುಗಳೇ ಬೇಕು.

ಒಂದು ವಾರದ ಗಾಯಕ್ಕೆ ಆರೋಗ್ಯವಂತ ಚರ್ಮದ ಬಲದಲ್ಲಿ ಶೇಕಡ 3ರಷ್ಟು ಮಾತ್ರ ಬಲವಿರುತ್ತದೆ. ಮೂರು ವಾರಗಳಿಗೆ ಶೇಕಡ 20ರಿಂದ 30, ಮೂರು ತಿಂಗಳಿಗೆ ಸುಮಾರು 80. ಅದಕ್ಕಿಂತ ಹೆಚ್ಚು ಬಲ ಎಂದಿಗೂ ಬಾರದು. ಮುಖದ ಹೊಲಿಗೆಯನ್ನು ಸಾಮಾನ್ಯವಾಗಿ ಒಂದು ವಾರದೊಳಗೆ ಬಿಚ್ಚುತ್ತಾರಷ್ಟೆ. ಆಗ ಕನ್ನಡಿಯಲ್ಲಿ ನೋಡಿಕೊಂಡವನಿಗೆ ಎಲ್ಲವೂ ಮುಗಿದಂತೆ ತೋರುತ್ತದೆ. ಒಳಗಿನ ಕೆಲಸವಾದರೋ ಆಗತಾನೆ ಆರಂಭವಾಗಿರುತ್ತದೆ. ತಿದ್ದಿದ ಮೂಗಿನ ಬಾವು ಪೂರ್ತಿಯಾಗಿ ಇಳಿದು ಅದರ ನಿಜವಾದ ಆಕಾರ ಕಾಣಲು ಸುಮಾರು ಒಂದು ವರ್ಷ ಹಿಡಿಯುತ್ತದೆ.

ತಡವಾಗಿ ಬರುವ ಕೇಡು

2003 ಮತ್ತು 2004ರಲ್ಲಿ ಅಮೆರಿಕದ ಕೆಲವು ಸ್ತ್ರೀಯರು ಡೊಮಿನಿಕನ್ ಗಣರಾಜ್ಯಕ್ಕೆ ಹೋಗಿ ಹೊಟ್ಟೆಯ ಬೊಜ್ಜನ್ನು ತೆಗೆಸಿಕೊಂಡು ಬಂದರು. ಊರು ಸೇರಿ ವಾರಗಳು ಕಳೆದ ಮೇಲೆ ಅವರ ಗಾಯಗಳು ಕೆಂಪಾಗಿ ಗಂಟುಕಟ್ಟಿ ಕೀವು ಸುರಿಸತೊಡಗಿದವು. ಇದಕ್ಕೆ ಕಾರಣ, ಮೈಕೊಬ್ಯಾಕ್ಟೀರಿಯಮ್ ಆಬ್ಸೆಸಸ್ ಎಂಬ ಸೂಕ್ಷ್ಮಜೀವಿ. ಇದು ಕ್ಷಯರೋಗದ ಜೀವಿಯ ಬಂಧು. ನೀರಿನಲ್ಲಿಯೂ ಮಣ್ಣಿನಲ್ಲಿಯೂ ವಾಸಿಸುತ್ತದೆ. ಸಾಮಾನ್ಯ ಜೀವಿರೋಧಕ ಔಷಧಿಗಳಿಗೆ ಇದು ಬಗ್ಗದು. ತಿಂಗಳುಗಟ್ಟಲೆ ವಿಶೇಷ ಔಷಧಿಗಳನ್ನು ಕೊಡಬೇಕು. ಕೆಲವೊಮ್ಮೆ ಮತ್ತೆ ಕೊಯ್ದು ಶುದ್ಧಿಮಾಡಬೇಕು. ಕೊಯ್ದವನು ಕಡಲಾಚೆ, ಗಾಯ ಈಚೆ. ಏನು ನಡೆಯಿತೆಂಬುದನ್ನು ಅರಿಯದ ಹೊಸ ವೈದ್ಯನು ಮೊದಲಿನಿಂದ ಪರೀಕ್ಷೆಯನ್ನು ಆರಂಭಿಸಬೇಕಾಗುತ್ತದೆ.

2023ರಲ್ಲಿ ಮೆಕ್ಸಿಕೊದ ಮಾಟಮೊರೋಸ್ ಪಟ್ಟಣದಲ್ಲಿ ನಡೆದುದು ಇನ್ನೂ ದಾರುಣ. ಶಸ್ತ್ರಕ್ರಿಯೆಗೆ ಮುನ್ನ ಬೆನ್ನಿಗೆ ಚುಚ್ಚಿ ಅರಿವಳಿಕೆ ಕೊಡುವಾಗ ಶಿಲೀಂಧ್ರವೊಂದು ಒಳಹೊಕ್ಕು ಮಿದುಳಿನ ಪೊರೆಗಳನ್ನು ಆಕ್ರಮಿಸಿತು. ಊರಿಗೆ ಮರಳಿದ್ದ ರೋಗಿಗಳಲ್ಲಿ ಹಲವರು ಮೃತಪಟ್ಟರು.

ವಿಮಾನ ಮತ್ತು ರಕ್ತನಾಳ

ಕಾಲಿನ ಅಭಿಧಮನಿಗಳಲ್ಲಿ ರಕ್ತವು ಹೆಪ್ಪುಗಟ್ಟಲು ಮೂರು ಕಾರಣಗಳುಂಟು: ಹರಿವು ನಿಧಾನವಾಗುವುದು, ನಾಳದ ಗೋಡೆಗೆ ಪೆಟ್ಟಾಗುವುದು, ರಕ್ತಕ್ಕೆ ಹೆಪ್ಪುಗಟ್ಟುವ ಗುಣ ಹೆಚ್ಚುವುದು. ಶಸ್ತ್ರಕ್ರಿಯೆಯು ಈ ಮೂರನ್ನೂ ಪ್ರಚೋದಿಸಬಲ್ಲುದು. ಇಕ್ಕಟ್ಟಾದ ಪೀಠದಲ್ಲಿ ಹತ್ತು ಗಂಟೆಗಳ ಕಾಲ ಕಾಲಾಡಿಸದೆ ಕುಳಿತರೆ ಮೊದಲನೆಯದು ಇಮ್ಮಡಿಸುತ್ತದೆ. ಆ ಹೆಪ್ಪು ಸಡಿಲಗೊಂಡು ಶ್ವಾಸಕೋಶವನ್ನು ಸೇರಿದರೆ ಪ್ರಾಣಾಪಾಯ. ಆದುದರಿಂದಲೇ ಎದೆ ಅಥವಾ ಹೊಟ್ಟೆಯ ಶಸ್ತ್ರಕ್ರಿಯೆಯಾದ ಮೇಲೆ ಕನಿಷ್ಠ 10 ದಿನ ವಿಮಾನವನ್ನೇರಬಾರದೆಂದು ಅಮೆರಿಕದ ರೋಗನಿಯಂತ್ರಣ ಕೇಂದ್ರವು ಹೇಳುತ್ತದೆ. ಮುಖ, ರೆಪ್ಪೆ, ಮೂಗುಗಳ ಚಿಕಿತ್ಸೆಗೆ ಅಲ್ಲಿಯ ಶಸ್ತ್ರವೈದ್ಯರ ಸಂಘವು ಸೂಚಿಸುವ ಅವಧಿ 7ರಿಂದ 10 ದಿನಗಳು.

ನಿರ್ಣಯ ಹೇಗೆ?

ಈಗ ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಕಾಲೇಜಿನ ತರುಣನೊಬ್ಬನು ಹತ್ತು ದಿನಗಳ ರಜೆಯಲ್ಲಿ ವಿದೇಶಕ್ಕೆ ಹೋಗಿ ಮೂಗನ್ನು ತಿದ್ದಿಸಿಕೊಂಡು ಬರಲು ಯೋಚಿಸಿದ್ದಾನೆ. ಹೋಗಿಬರುವುದಕ್ಕೆ ಎರಡು ದಿನ; ಪರೀಕ್ಷೆಗೆ ಒಂದು, ಶಸ್ತ್ರಕ್ರಿಯೆಗೆ ಒಂದು. ಮಾಯುವುದಕ್ಕೆ ಉಳಿದುದು ಆರೇ ದಿನ. ವಿಮಾನಕ್ಕೆ ಹೇಳಿದ ಕನಿಷ್ಠ ಅವಧಿಯೂ ಇಲ್ಲಿ ತುಂಬದು. ಲೆಕ್ಕವೇ ಆ ಪ್ರಯಾಣವನ್ನು ನಿರಾಕರಿಸುತ್ತದೆ.

ರಜೆ ದೀರ್ಘವಾಗಿದ್ದರೂ ಅವನು ಕೇಳಬೇಕಾದ ಪ್ರಶ್ನೆಗಳಿವೆ. ಕೊಯ್ಯುವವನೂ ಅರಿವಳಿಕೆ ಕೊಡುವವನೂ ಯಾರು, ಅವರ ಅರ್ಹತೆಯನ್ನು ಆ ದೇಶದ ವೈದ್ಯಮಂಡಲಿಯಲ್ಲಿ ಪರಿಶೀಲಿಸಬಹುದೆ? ಮಾಡಿದ ಚಿಕಿತ್ಸೆಯ ಲಿಖಿತ ವರದಿಯನ್ನು ಕೈಗೆ ಕೊಡುವರೆ? ಏಳನೆಯ ವಾರದಲ್ಲಿ ಗಾಯ ಕೆರಳಿದರೆ ನಮ್ಮೂರಿನಲ್ಲಿ ನೋಡಲು ಒಪ್ಪಿಕೊಂಡ ವೈದ್ಯರಿದ್ದಾರೆಯೆ? ಎರಡನೆಯ ಶಸ್ತ್ರಕ್ರಿಯೆ ಬೇಕಾದರೆ ಅದರ ವೆಚ್ಚ ಯಾರದು? ಉತ್ತರ ದೊರೆಯದ ಪ್ರಶ್ನೆ ಒಂದಿದ್ದರೂ ಹೊರಡದಿರುವುದು ಲೇಸು.

ನಮ್ಮ ತರುಣ ವಾಚಕರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಮೂಗಿನ ಬೆಳವಣಿಗೆ ಹುಡುಗಿಯರಲ್ಲಿ ಸುಮಾರು 15–16, ಹುಡುಗರಲ್ಲಿ 17–18 ವರ್ಷಗಳವರೆಗೆ ನಡೆದಿರುತ್ತದೆ. ಅದಕ್ಕೆ ಮೊದಲು ತಿದ್ದುವುದನ್ನು ವೈದ್ಯರು ಸಾಮಾನ್ಯವಾಗಿ ಮುಂದೂಡುತ್ತಾರೆ. ಮುರಿದ ಎಲುಬಿಗೂ ಸಿಡಿದ ಕರುಳಿಗೂ ತಡೆಯುವ ಅವಕಾಶವಿಲ್ಲ. ರೂಪದ ಚಿಕಿತ್ಸೆಗಾದರೆ ಅದು ಯಥೇಷ್ಟವಾಗಿ ಉಂಟು. ಒಂದು ವರ್ಷ ಕಾದು, ವಿಚಾರಿಸಿ, ಮನೆಯ ಹಿರಿಯರೊಡನೆಯೂ ಪರಿಚಿತ ವೈದ್ಯರೊಡನೆಯೂ ಚರ್ಚಿಸಿದರೆ ನಷ್ಟವೇನೂ ಇಲ್ಲ. ಪುಣೆಯ ಆ ವೈದ್ಯನು ಕವಾಸ್ಜಿಯ ಮೂಗಿಗೆ 25 ದಿನಗಳನ್ನು ಕೊಟ್ಟನು. ಇಂದಿನ ಚರ್ಮವೂ ಅಂದಿನ ವೇಗದಲ್ಲಿಯೇ ಕೂಡಿಕೊಳ್ಳುತ್ತದೆ.