ಹುಲ್ಲು ಹಸುವಿಗೆ, ಸಗಣಿ ಗ್ಯಾಸಿಗೆ, ಗೆರಟೆ ಒಲೆಗೆ



ಮಂಕಿ ಸುತ್ತಲಿನ ಊರುಗಳಲ್ಲಿ ಗೋಬರ್ ಗ್ಯಾಸ್ ಇರುವ ಮನೆಗಳಲ್ಲಿ ನೀವು ಕೇಳುವ ಪ್ರಶ್ನೆ ಒಂದಿದೆ: "ಡಾಕ್ಟ್ರೇ, ಸಗಣಿ ಸಾಲೋದಿಲ್ಲ. ಉಳಿದ ಹುಲ್ಲು, ದರಕು ಹಾಕಿದ್ರೆ ಗ್ಯಾಸ್ ಹೆಚ್ಚಾಗ್ತದಾ?" ಹುಲ್ಲಿನಲ್ಲಿ ಇಂಧನ ಇರುವುದು ನಿಜ. ಆದರೆ ಅದಕ್ಕೆ ಬೀಗ ಬಿದ್ದಿದೆ. ಬೀಗ ತೆಗೆಯದೆ ಹಾಕಿದರೆ ಬರುತ್ತಿದ್ದ ಗ್ಯಾಸೂ ಕಡಿಮೆಯಾಗಿ, ಮಳೆಗಾಲದಲ್ಲಿ ಮತ್ತೆ ಹಸಿ ಕಟ್ಟಿಗೆಯ ಹೊಗೆಯೇ ಗತಿಯಾಗುತ್ತದೆ.

ಬೀಗ ಯಾವುದು?

ಹುಲ್ಲಿನ ನಾರಿನಲ್ಲಿ ಸೆಲ್ಯುಲೋಸ್ ಇದೆ. ಸಕ್ಕರೆಯ ಕಣಗಳನ್ನು ಸರದಂತೆ ಪೋಣಿಸಿದ ವಸ್ತು ಅದು. ಅದರ ಸುತ್ತ ಲಿಗ್ನಿನ್ ಎಂಬ ಗಟ್ಟಿ ಅಂಟು ಇರುತ್ತದೆ. ಗಿಡ ನೆಟ್ಟಗೆ ನಿಲ್ಲಲು ಬಲ ಕೊಡುವುದು ಈ ಅಂಟು. ಸೂಕ್ಷ್ಮಜೀವಿಗಳಿಗೆ ಒಳಗಿನ ಸಕ್ಕರೆ ಸುಲಭವಾಗಿ ಸಿಗದಂತೆ ತಡೆಯುವುದೂ ಅದೇ. ಹುಲ್ಲು ಬಲಿತಷ್ಟೂ ಲಿಗ್ನಿನ್ ಹೆಚ್ಚು.

ಬಿಸಿಯಿಂದ ಬೀಗ ತೆಗೆಯುವುದು

ಹರಿಯಾಣದ ಪಾಣಿಪತ್‌ನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯ ಎಥೆನಾಲ್ ಕಾರ್ಖಾನೆ 2022ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ ಸುಮಾರು 3 ಕೋಟಿ ಲೀಟರ್ ಎಥೆನಾಲ್ ತಯಾರಿಸುವುದು ಅದರ ಉದ್ದೇಶ. ಎಥೆನಾಲನ್ನು ಪೆಟ್ರೋಲಿಗೆ ಬೆರೆಸುತ್ತಾರೆ. ಇಂಥ ಕಾರ್ಖಾನೆಗಳಲ್ಲಿ ಹುಲ್ಲನ್ನು ಕತ್ತರಿಸಿ, ಸಾಮಾನ್ಯವಾಗಿ 160ರಿಂದ 200 ಡಿಗ್ರಿ ಬಿಸಿಯಲ್ಲಿ, ಒತ್ತಡದಲ್ಲಿ ಬೇಯಿಸುತ್ತಾರೆ. ಆಗ ನಾರು ಸಡಿಲವಾಗುತ್ತದೆ. ನಂತರ ಕಿಣ್ವಗಳು ಅದನ್ನು ಸಕ್ಕರೆ ಮಾಡುತ್ತವೆ, ಯೀಸ್ಟ್ ಸಕ್ಕರೆಯನ್ನು ಎಥೆನಾಲ್ ಮಾಡುತ್ತದೆ.

ನಮ್ಮ ಬಚ್ಚಲ ಹಂಡೆಯಲ್ಲಿ ನೀರು ಕುದಿಯುವುದು 100 ಡಿಗ್ರಿಯಲ್ಲಿ. ಕುಕ್ಕರ್ ಏರುವುದು ಸುಮಾರು 120ರವರೆಗೆ. ಹಾಗಾಗಿ ಹುಲ್ಲನ್ನು ಮನೆಯಲ್ಲಿ ಬೇಯಿಸಿ ಗ್ಯಾಸ್ ಗುಂಡಿಗೆ ಹಾಕುವುದು ಕಟ್ಟಿಗೆಗೆ ದಂಡ.

ಹಸು ಮಾಡುವ ಕೆಲಸ

ಅಷ್ಟು ಬಿಸಿಯಿಲ್ಲದೆ ಈ ಕೆಲಸವನ್ನು ನಿಮ್ಮ ಹಸು ಮಾಡುತ್ತದೆ. ದಿನಕ್ಕೆ ಸುಮಾರು 8 ತಾಸು ಮೆಲುಕು ಹಾಕಿ ಹುಲ್ಲನ್ನು ಅರೆಯುತ್ತದೆ. ಸುಮಾರು 39 ಡಿಗ್ರಿ ಬಿಸಿಯ ಅದರ ಹೊಟ್ಟೆಯಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರನ್ನು ಒಡೆಯುತ್ತವೆ. ಆದರೂ ಭತ್ತದ ಹುಲ್ಲಿನ ಸುಮಾರು ಅರ್ಧ ಭಾಗ ಸಗಣಿಯಲ್ಲಿ ಹೊರಬರುತ್ತದೆ. ಅದು ನುಣ್ಣಗಾಗಿ, ಸೂಕ್ಷ್ಮಜೀವಿಗಳ ಸಮೇತ ಬರುವುದರಿಂದ ಗ್ಯಾಸ್ ಗುಂಡಿಗೆ ಸರಿಹೊಂದುತ್ತದೆ. ಗುಂಡಿಯಲ್ಲಿ ಅರೆಯುವವರು ಯಾರೂ ಇಲ್ಲ. ಹಾಗೇ ಹಾಕಿದ ಹುಲ್ಲು ತೇಲಿ, ಮೇಲೆ ದಪ್ಪ ಕೆನೆಯಂತೆ ಕಟ್ಟಿಕೊಂಡು ಗ್ಯಾಸನ್ನು ತಡೆಯುತ್ತದೆ.

ನೀವು ಮಾಡಬೇಕಾದದ್ದು

1. ಕೊಟ್ಟಿಗೆಗೆ ಸೊಪ್ಪು, ದರಕು ಹಾಸುವವರು ಬೆಳಿಗ್ಗೆ ಮೇಲಿನ ಸಗಣಿಯನ್ನು ಬೇರೆಯಾಗಿ ಎತ್ತಿ. ತುಳಿದು ಬೆರೆತದ್ದು ಗೊಬ್ಬರ ಗುಂಡಿಗೆ ಹೋಗಲಿ.

2. ಸಗಣಿಗೆ ಅಷ್ಟೇ ನೀರು ಸೇರಿಸಿ ಕದಡಿ, ಹುಲ್ಲುಕಡ್ಡಿ ತೆಗೆದು ಬಿಡಿ. 1 ಕಿಲೋ ಸಗಣಿಯಿಂದ ಸುಮಾರು 40 ಲೀಟರ್ ಗ್ಯಾಸ್ ಸಿಗುತ್ತದೆ. 2 ಘನ ಮೀಟರ್ ಗುಂಡಿಗೆ ದಿನಕ್ಕೆ ಸುಮಾರು 50 ಕಿಲೋ ಬೇಕು. ಮಲೆನಾಡು ಗಿಡ್ಡ ಹಾಕುವ ಸಗಣಿ ಕಡಿಮೆ. ಹೊಸದಾಗಿ ಕಟ್ಟಿಸುವವರು ದನಗಳ ಲೆಕ್ಕ ಬಿಟ್ಟು ಸಗಣಿ ತೂಗಿ ನೋಡಿ.

3. ಕೆಚ್ಚಲು ಬಾವಿಗೋ ಬೇರೆ ಕಾಯಿಲೆಗೋ ಆಂಟಿಬಯೋಟಿಕ್ ಕೊಟ್ಟ ದಿನಗಳಲ್ಲಿ ಆ ಹಸುವಿನ ಸಗಣಿ, ಫಿನಾಯಿಲ್ ಹಾಕಿ ತೊಳೆದ ನೀರು ಗ್ಯಾಸ್ ಗುಂಡಿಗೆ ಬೇಡ. ಗ್ಯಾಸ್ ಕೊಡುವ ಸೂಕ್ಷ್ಮಜೀವಿಗಳು ಸಾಯುತ್ತವೆ.

4. ಹಳಸಿದ ಅನ್ನವನ್ನು ಹಸುವಿಗೆ ಹಾಕಬೇಡಿ, ಹೊಟ್ಟೆ ಹುಳಿಯಾಗುತ್ತದೆ. ಸ್ವಲ್ಪವಾದರೆ ಸಗಣಿ ಜೊತೆ ಕದಡಿ ಗ್ಯಾಸಿಗೆ ಹಾಕಬಹುದು. ಅನ್ನಕ್ಕೆ ಲಿಗ್ನಿನ್ ಬೀಗವಿಲ್ಲ.

5. ಗೆರಟೆ, ಹೆಡೆಪೆಂಟೆಗಳನ್ನು ಮಳೆಗೆ ಮೊದಲೇ ಒಣಗಿಸಿ ಒಳಗಿಡಿ. ಹಸಿ ಕಟ್ಟಿಗೆಯ ಬಿಸಿಯಲ್ಲಿ ಒಂದು ಪಾಲು ನೀರು ಆರಿಸುವುದಕ್ಕೇ ಹೋಗುತ್ತದೆ. ಸರಿಯಾಗಿ ಉರಿಯದ ಇಂಧನವೇ ಹೊಗೆಯಾಗಿ ನಿಮ್ಮ ಕಣ್ಣು, ಶ್ವಾಸಕೋಶ ಸೇರುತ್ತದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಗ್ಯಾಸ್ ನಿಂತಿತೆಂದು ಗುಂಡಿಯೊಳಗೆ ನೀವೂ ಇಳಿಯಬೇಡಿ, ಮನೆಯವರನ್ನೂ ಇಳಿಸಬೇಡಿ. ಒಳಗಿನ ಗಾಳಿಯಲ್ಲಿ ಕ್ಷಣದಲ್ಲೇ ಪ್ರಜ್ಞೆ ತಪ್ಪಿ ಜೀವ ಹೋಗಬಹುದು. ಗುಂಡಿ ಕಟ್ಟಿದ ತಿಳಿದವರನ್ನೇ ಕರೆಸಿ. ಅನುಮಾನವಿದ್ದರೆ ಹಾಲು ಹಾಕಲು ಬಂದಾಗ ಸಂಘದಲ್ಲಿ ಹೇಳಿ, ನಿಮ್ಮ ಊರಿಗೆ ಬಂದ ದಿನ ನೋಡುತ್ತೇನೆ.