ಮುಂಗಾರು ಪೂರ್ವ ಗುಡುಗು ಮಳೆ ಮತ್ತು ಸೆಕೆ: ದಾವಣಗೆರೆ ಜಿಲ್ಲೆ

ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಾರ್ಚ್‌ನಿಂದ ಮೇವರೆಗಿನದು ಮುಂಗಾರು ಪೂರ್ವ ಅವಧಿ. ಮಾವಿನ ಹೊಯ್ಲು, ಕಾಫಿ ಹೂಮಳೆ ಈ ಅವಧಿಯವೇ. ರೈತರು ಅಶ್ವಿನಿ, ಭರಣಿ ಎಂದು ಕರೆಯುವ ಮಳೆಗಳೂ ಈ ಅವಧಿಯವೇ.

ಈ ಗುಡುಗು ಮಳೆಗೆ ಕಾರಣ: ಕಾದ ನೆಲದ ಮೇಲಿನ ತೇವಭರಿತ ಗಾಳಿ ಮಧ್ಯಾಹ್ನದ ಹೊತ್ತಿಗೆ ವೇಗವಾಗಿ ಮೇಲೇರಿ ತಣಿದು, ರಾಶಿ ವೃಷ್ಟಿ ಮೋಡ ಕಟ್ಟುತ್ತದೆ. ಇದು ಸಂವಹನ ಮಳೆ. ಮೋಡ ಅಲ್ಲಲ್ಲೇ ಕಟ್ಟುವುದರಿಂದ ಒಂದೂರಲ್ಲಿ ಸುರಿದು ಪಕ್ಕದೂರಲ್ಲಿ ಹನಿಯೂ ಬೀಳದಿರಬಹುದು.

ಚನ್ನಗಿರಿ ತಾಲ್ಲೂಕಿನ ತ್ಯಾವಣಿಗೆ ಭಾಗ ಭದ್ರಾ ನಾಲೆಯ ಭತ್ತ, ಅಡಿಕೆಯ ಸೀಮೆ. ಬೇಸಿಗೆ ಭತ್ತ ಕೊಯ್ಲಿಗೆ ಬಂದಾಗಲೇ ಈ ಮಳೆ ಬಂದರೆ ಪೈರು ಚಾಪೆ ಹಾಸಿದಂತೆ ಮಲಗುತ್ತದೆ, ಒಣಹಾಕಿದ ಕಾಳು ಮೊಳೆಯುತ್ತದೆ. ಒಣಭೂಮಿಯ ಜಗಳೂರಿಗೆ ಅದೇ ಮಳೆ ಮಾಗಿ ಉಳುಮೆಗೆ ವರ.

ಮಳೆ ನಿಂತು ಬಿಸಿಲು ಬಂದರೆ ತೇವಾಂಶ ಏರಿ ಬೆವರು ಆರುವುದಿಲ್ಲ. 36 ಡಿಗ್ರಿಯೂ ಅದಕ್ಕಿಂತ ಹೆಚ್ಚೆನಿಸುತ್ತದೆ. ಶಾಖ, ತೇವ ಎರಡನ್ನೂ ಒಟ್ಟಿಗೆ ಅಳೆಯಲು ಆರ್ದ್ರ ಬಲ್ಬ್ ತಾಪಮಾನ ನೋಡುತ್ತಾರೆ. ಆದರೆ ಬಯಲು ಪ್ರದೇಶದಲ್ಲಿ ಶಾಖದ ಅಲೆ ಘೋಷಣೆಗೆ ಸಾಮಾನ್ಯವಾಗಿ ಗರಿಷ್ಠ ತಾಪಮಾನ ಕನಿಷ್ಠ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ 4.5 ಡಿಗ್ರಿ ಹೆಚ್ಚಿರಬೇಕು.

ಸಿಡಿಲಿನ ಮುನ್ಸೂಚನೆಗೆ ‘ದಾಮಿನಿ’ ಆ್ಯಪ್ ಇದೆ. ರೂಪಿಸಿದ್ದು ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ. ಗುಡುಗು ಕೇಳಿದೊಡನೆ ಹೊಲದ ಒಂಟಿ ಮರದಡಿ ನಿಲ್ಲದೆ ಗಟ್ಟಿ ಕಟ್ಟಡ ಸೇರಬೇಕು.