ಎಣ್ಣೆಯ ಲೆಕ್ಕವೂ ನೀರಿನ ಲೆಕ್ಕವೂ

ಬೀಜ, ಗೊಬ್ಬರ, ಕೂಲಿ, ಕಂದಾಯ ಇವುಗಳ ಖರ್ಚನ್ನು ವರ್ಷಾಂತ್ಯದಲ್ಲಿ ಲೆಕ್ಕ ಹಾಕುವ ವಾಡಿಕೆಯು ಭೂಮಾಲೀಕರಲ್ಲಿ ಉಂಟು. ಆದರೆ ಡೀಸೆಲ್ ಎಣ್ಣೆಗೆ ವೆಚ್ಚವಾದ ಹಣವನ್ನು ಪ್ರತ್ಯೇಕವಾಗಿ ಬರೆದಿಡುವವರು ವಿರಳ. ನೀರನ್ನಂತೂ ಲೆಕ್ಕಕ್ಕೆ ಹಿಡಿಯುವವರೇ ಇಲ್ಲವೆನ್ನಬಹುದು. ಸಿಂಧನೂರು, ಲಿಂಗಸುಗೂರು ಮತ್ತು ಮಸ್ಕಿ ತಾಲ್ಲೂಕುಗಳಲ್ಲಿ ಈ ಎರಡು ಲೆಕ್ಕಗಳೂ ಒಂದಕ್ಕೊಂದು ಹೆಣೆದುಕೊಂಡಿರುವುವು. ನೀರನ್ನು ಎತ್ತುವುದಕ್ಕೆ ಎಣ್ಣೆ ಬೇಕು. ಕೆಸರುಗದ್ದೆಯನ್ನು ಹದಮಾಡುವುದಕ್ಕೆ ಎಣ್ಣೆ ಬೇಕು. ಬೆಳೆದ ಭತ್ತವನ್ನು ಪೇಟೆಗೆ ಸಾಗಿಸುವುದಕ್ಕೂ ಎಣ್ಣೆಯೇ ಬೇಕು. ಹೀಗಿರುವಲ್ಲಿ ಎಣ್ಣೆಯನ್ನು ಬಿಟ್ಟು ಸೂರ್ಯಶಕ್ತಿಗೆ ತಿರುಗಬೇಕೆಂಬ ಮಾತು ಈಗ ಎಲ್ಲೆಡೆಯೂ ಕೇಳಿಬರುತ್ತಿದೆ. ಈ ಮಾತು ಯುಕ್ತವಾದುದೇ ಸರಿ. ಆದರೆ ನೀರಿನ ಬಳಕೆಯನ್ನು ತಿದ್ದದೆ ಯಂತ್ರವನ್ನು ಮಾತ್ರ ಬದಲಾಯಿಸಿದಲ್ಲಿ ಲಾಭಕ್ಕೆ ಬದಲು ಹಾನಿಯೇ ಸಂಭವಿಸಬಹುದು. ಅದು ಹೇಗೆಂಬುದನ್ನೂ, ಅದಕ್ಕೆ ತಕ್ಕ ಉಪಾಯಗಳನ್ನೂ ಕೆಳಗೆ ವಿವರಿಸಿದೆ.

೧. ನೀರಿನ ಸ್ಥಿತಿ

ಈ ಸೀಮೆಗೆ ನೀರು ಎರಡು ಬಗೆಯಾಗಿ ದೊರೆಯುತ್ತದೆ. ಮೊದಲನೆಯದು ಕಾಲುವೆಯ ನೀರು. ೧೯೫೩ರಲ್ಲಿ ಪೂರ್ಣಗೊಂಡ ತುಂಗಭದ್ರಾ ಜಲಾಶಯದಿಂದ ಹೊರಡುವ ೨೨೭ ಕಿಲೋಮೀಟರ್ ಉದ್ದದ ಎಡದಂಡೆ ಕಾಲುವೆಯು ಸಿಂಧನೂರು ಸೀಮೆಯನ್ನು ಹಾದು ರಾಯಚೂರಿನ ಕಡೆಗೆ ಹೋಗುವುದು. ಲಿಂಗಸುಗೂರು ತಾಲ್ಲೂಕಿನ ಕೆಲವು ಭಾಗಕ್ಕೆ ಕೃಷ್ಣಾ ನದಿಯ ನಾರಾಯಣಪುರ ಬಲದಂಡೆ ಕಾಲುವೆಯ ನೀರು ಒದಗುತ್ತದೆ. ಎರಡನೆಯದು ಬಾವಿ ಮತ್ತು ಕೊಳವೆ ಬಾವಿಗಳ ನೀರು. ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಒಣಬೇಸಾಯದ ಹಳ್ಳಿಗಳು ಬಹುಮಟ್ಟಿಗೆ ಇದನ್ನೇ ನಂಬಿರುವುವು.

ತುಂಗಭದ್ರಾ ಜಲಾಶಯವು ಕಟ್ಟಿದ ಕಾಲದಲ್ಲಿ ಸುಮಾರು ೧೩೩ ಟಿ.ಎಂ.ಸಿ. ನೀರನ್ನು ಹಿಡಿಯುತ್ತಿತ್ತು. ಹೂಳು ತುಂಬಿದ ಕಾರಣದಿಂದ ೨೦೧೬ರ ಅಳತೆಯಂತೆ ಅದು ಸುಮಾರು ೧೦೫.೮ ಟಿ.ಎಂ.ಸಿ.ಗೆ ಇಳಿದಿತ್ತು. ೨೦೨೪ನೆಯ ಇಸವಿ ಆಗಸ್ಟ್ ತಿಂಗಳಲ್ಲಿ ೧೯ನೆಯ ಗೇಟಿನ ಸರಪಳಿ ಕಡಿದು ಅಪಾರ ನೀರು ನದಿಯ ಪಾಲಾದುದು ಎಲ್ಲರಿಗೂ ನೆನಪಿರುವ ವಿಷಯವೇ. ಇದಲ್ಲದೆ ಈ ಯೋಜನೆಯನ್ನು ರೂಪಿಸಿದಾಗ ಹೆಚ್ಚಿನ ಪ್ರದೇಶಕ್ಕೆ ಜೋಳ, ಹತ್ತಿ ಮೊದಲಾದ ಅಲ್ಪ ನೀರಿನ ಬೆಳೆಗಳನ್ನೇ ಗೊತ್ತುಮಾಡಲಾಗಿತ್ತು. ಕಾಲುವೆಯ ಮೇಲ್ಭಾಗದಲ್ಲಿ ಅಂತಹ ಭೂಮಿಯೂ ಭತ್ತದ ಗದ್ದೆಯಾದ ಕಾರಣ, ಕೊನೆಯ ಭಾಗದ ರೈತರಿಗೆ ನೀರು ಸಾಲದೆ ಹೋಗುತ್ತಿದೆ. ನೀರು ಅತಿಯಾದ ಕಡೆ ಭೂಮಿ ಜವುಳು ಹಿಡಿದು, ಉಪ್ಪು ಮೇಲಕ್ಕೆದ್ದು, ಸವುಳಾಗುತ್ತದೆ. ಹೀಗೆ ಒಬ್ಬನ ಹೊಲದಲ್ಲಿ ನೀರು ಕೊರತೆಯಿಂದಲೂ ಮತ್ತೊಬ್ಬನ ಹೊಲದಲ್ಲಿ ಹೆಚ್ಚಳದಿಂದಲೂ ನಷ್ಟವನ್ನುಂಟುಮಾಡುವುದು.

ಅಂತರ್ಜಲದ ತೊಂದರೆಯು ಬೇರೆ ಬಗೆಯದು. ಈ ಸೀಮೆಯ ಕಲ್ಲಿನ ಪದರಗಳಲ್ಲಿ ಫ್ಲೋರೈಡ್ ಎಂಬ ಲವಣಾಂಶವಿದ್ದು, ಅದು ಬಹುಕಾಲದ ಸಂಪರ್ಕದಿಂದ ನೀರಿನಲ್ಲಿ ಕರಗುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡದ ಮೇರೆಗೆ ಇದು ಲೀಟರಿಗೆ ೧ ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ದೊರೆಯದಿದ್ದಲ್ಲಿ ೧.೫ ಮಿಲಿಗ್ರಾಂವರೆಗೆ ಸಹಿಸಬಹುದು. ಇದನ್ನು ಮೀರಿದ ನೀರನ್ನು ಬಾಲ್ಯದಲ್ಲಿ ಕುಡಿದ ಮಕ್ಕಳ ಹಲ್ಲುಗಳಲ್ಲಿ ಕಂದು ಕಲೆಗಳು ಮೂಡುವುವು. ಅಧಿಕ ಪ್ರಮಾಣದ ನೀರನ್ನು ಬಹುವರ್ಷ ಕುಡಿದವರ ಎಲುಬುಗಳು ಬಿರುಸಾಗಿ, ಕೀಲುಗಳು ಹಿಡಿದು, ನಡೆಯುವುದೇ ಕಷ್ಟವಾಗುವುದು. ಹೀಗೆ ಒಮ್ಮೆ ಕೆಟ್ಟ ಹಲ್ಲೂ ಎಲುಬೂ ಯಾವ ಔಷಧದಿಂದಲೂ ಮೊದಲಿನಂತಾಗವು.

೨. ಎಣ್ಣೆಯ ವೆಚ್ಚ

ಐದು ಅಶ್ವಶಕ್ತಿಯ ಡೀಸೆಲ್ ಯಂತ್ರವೊಂದು ಗಂಟೆಗೆ ಸುಮಾರು ಒಂದು ಲೀಟರ್ ಎಣ್ಣೆಯನ್ನು ಸುಡುತ್ತದೆ. ದಿನಕ್ಕೆ ೬ ಗಂಟೆಯಂತೆ ವರ್ಷದಲ್ಲಿ ೧೦೦ ದಿನ ನಡೆಸಿದರೆ ೬೦೦ ಲೀಟರ್ ಬೇಕಾಗುವುದು. ಲೀಟರಿಗೆ ೯೦ ರೂಪಾಯಿ ಎಂದಿಟ್ಟುಕೊಂಡರೆ ಎಣ್ಣೆಯೊಂದಕ್ಕೇ ೫೪,೦೦೦ ರೂಪಾಯಿ ಆಗುತ್ತದೆ. ಯಂತ್ರದ ದುರಸ್ತಿ, ಕೀಲೆಣ್ಣೆ, ಎಣ್ಣೆಯನ್ನು ಪೇಟೆಯಿಂದ ತರುವ ಖರ್ಚು ಇದರಲ್ಲಿ ಸೇರಿಲ್ಲ. ಈ ಹಣವು ಹಳ್ಳಿಯನ್ನು ಬಿಟ್ಟುಹೋಗಿ ಮತ್ತೆ ಬರುವುದಿಲ್ಲ. ದೇಶಕ್ಕೆ ಬೇಕಾದ ಕಚ್ಚಾ ಎಣ್ಣೆಯ ಬಹುಭಾಗವನ್ನು ಪರದೇಶಗಳಿಂದಲೇ ಕೊಳ್ಳಬೇಕಾಗಿದೆ.

ಒಂದು ಲೀಟರ್ ಡೀಸೆಲ್ ಉರಿದಾಗ ಸುಮಾರು ೨.೬ ಕಿಲೋಗ್ರಾಂಗಿಂತ ಹೆಚ್ಚು ಇಂಗಾಲಾಮ್ಲ ವಾಯು ಹೊರಡುತ್ತದೆ. ಎಣ್ಣೆಯ ತೂಕವೇ ಒಂದು ಕಿಲೋಗಿಂತ ಕಡಿಮೆಯಿರುವಾಗ ಇಷ್ಟು ವಾಯು ಹೇಗೆ ಬಂದೀತೆಂದು ಸಂದೇಹ ಬರಬಹುದು. ಎಣ್ಣೆಯಲ್ಲಿರುವ ಇಂಗಾಲದೊಡನೆ ಗಾಳಿಯ ಆಮ್ಲಜನಕವು ಕೂಡಿಕೊಳ್ಳುವುದರಿಂದ ತೂಕ ಹೆಚ್ಚುವುದು. ಮೇಲೆ ಹೇಳಿದ ೬೦೦ ಲೀಟರಿಗೆ ಈ ವಾಯು ೧೫ ಕ್ವಿಂಟಲಿಗೂ ಮಿಗಿಲಾಗುತ್ತದೆ. ಭೂಮಿಯ ತಾಪವನ್ನು ಹೆಚ್ಚಿಸಿ ಮಳೆಯ ಕ್ರಮವನ್ನು ಕೆಡಿಸುತ್ತಿರುವ ಮುಖ್ಯ ಕಾರಣ ಇದೇ ಆಗಿದೆ. ಮಳೆಯನ್ನೇ ನಂಬಿದ ಈ ಸೀಮೆಯಲ್ಲಿ ಅದರ ಪರಿಣಾಮವನ್ನು ವಿವರಿಸುವ ಅಗತ್ಯವಿಲ್ಲ.

ಇನ್ನು ಯಂತ್ರದ ಬುಡದಲ್ಲಿ ಸೋರಿದ ಎಣ್ಣೆಯು ಮಳೆಯ ನೀರಿನೊಡನೆ ಬಾವಿಗೋ ಕಾಲುವೆಗೋ ಸೇರಿ, ನೀರಿನ ಮೇಲೆ ಬಣ್ಣಬಣ್ಣದ ತೆಳು ಪೊರೆಯಾಗಿ ಹರಡುವುದನ್ನು ಅನೇಕರು ನೋಡಿರಬಹುದು. ಆ ನೀರು ಜನರಿಗೂ ದನಕರುಗಳಿಗೂ ಕುಡಿಯಲು ಯೋಗ್ಯವಲ್ಲ.

೩. ಸೂರ್ಯಶಕ್ತಿಯ ಪಂಪು: ಗುಣವೂ ದೋಷವೂ

ಸೋಲಾರ್ ಪಂಪು ಎಣ್ಣೆಯನ್ನು ಬೇಡುವುದಿಲ್ಲ, ಹೊಗೆಯುಗುಳುವುದಿಲ್ಲ, ಹಗಲು ಹೊತ್ತಿನಲ್ಲೇ ನೀರು ಕೊಡುವುದರಿಂದ ರೈತನು ರಾತ್ರಿ ಹಾವು ಚೇಳುಗಳ ಭಯದಲ್ಲಿ ಹೊಲಕ್ಕೆ ಹೋಗಬೇಕಾಗಿಲ್ಲ. ವಿದ್ಯುತ್ ತಂತಿಯು ದೂರವಿರುವ ಹೊಲಗಳಿಗೆ ಇದು ವಿಶೇಷವಾಗಿ ಒಪ್ಪುವುದು. ತಂತಿಯ ವಿದ್ಯುತ್ತೂ ಪೂರ್ಣವಾಗಿ ಹೊಗೆಯಿಲ್ಲದ್ದೆಂದು ತಿಳಿಯಬಾರದು. ಶಕ್ತಿನಗರದ ಉಷ್ಣವಿದ್ಯುತ್ ಕೇಂದ್ರದಲ್ಲಿ ವಿದ್ಯುತ್ತು ಹುಟ್ಟುವುದು ಕಲ್ಲಿದ್ದಲಿನಿಂದಲೇ. ಕೇಂದ್ರ ಸರ್ಕಾರವು ೨೦೧೯ರಲ್ಲಿ ಆರಂಭಿಸಿದ ಪಿಎಂ-ಕುಸುಮ್ ಯೋಜನೆಯ ‘ಬಿ’ ಭಾಗದಲ್ಲಿ ೭.೫ ಅಶ್ವಶಕ್ತಿಯವರೆಗಿನ ಇಂತಹ ಪಂಪುಗಳಿಗೆ ಸಹಾಯಧನವನ್ನು ಗೊತ್ತುಮಾಡಿತು. ಕರ್ನಾಟಕ ಸರ್ಕಾರವು ತನ್ನ ಪಾಲನ್ನು ಶೇಕಡ ೩೦ರಿಂದ ೫೦ಕ್ಕೆ ಏರಿಸಿದುದರಿಂದ ರೈತನ ಪಾಲು ಶೇಕಡ ೨೦ಕ್ಕೆ ಇಳಿಯಿತು. ಇಂತಹ ನಿಯಮಗಳು ಕಾಲಕಾಲಕ್ಕೆ ಬದಲಾಗುವುದರಿಂದ ಅರ್ಜಿ ಹಾಕುವ ಮೊದಲು ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸತಕ್ಕದ್ದು.

ಇನ್ನು ದೋಷವನ್ನು ಹೇಳಬೇಕು. ಎಣ್ಣೆಯ ಬೆಲೆಯು ರೈತನ ಕೈಯನ್ನು ಹಿಡಿಯುತ್ತಿತ್ತು. ಗಂಟೆಗೆ ೯೦ ರೂಪಾಯಿ ಸುಡುವುದೆಂದು ತಿಳಿದವನು ಮಡಿ ತುಂಬಿದ ಕೂಡಲೇ ಯಂತ್ರವನ್ನು ನಿಲ್ಲಿಸುತ್ತಿದ್ದನು. ಬಿಸಿಲಿಗೆ ಬೆಲೆಯಿಲ್ಲ, ಆದಕಾರಣ ಪಂಪು ಬೆಳಗಿನಿಂದ ಸಂಜೆಯವರೆಗೆ ಓಡುತ್ತಲೇ ಇರುವುದು. ಕೊಳವೆ ಬಾವಿಯ ನೀರು ಕೆಳಕ್ಕಿಳಿಯುವುದು; ನೆರೆಯವನ ಬಾವಿ ಬತ್ತುವುದು; ಅವನು ಇನ್ನೂ ಆಳಕ್ಕೆ ಕೊರೆಯಿಸುವನು. ಬಹುಕಾಲ ಕಲ್ಲಿನ ಸಂದಿನಲ್ಲಿ ನಿಂತ ಆಳದ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಸಂಭವವುಂಟು. ಹೀಗೆ ಗಾಳಿಯನ್ನು ಶುದ್ಧಮಾಡಲು ಹೊರಟ ಯಂತ್ರವು ಕುಡಿಯುವ ನೀರನ್ನು ಕೆಡಿಸಲು ಕಾರಣವಾಗಬಹುದು.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಗ್ರಾಮದ ರೈತರು ೨೦೧೬ರಲ್ಲಿ ಇದಕ್ಕೆ ಒಂದು ಪರಿಹಾರವನ್ನು ಕಂಡುಕೊಂಡರು. ಅವರು ಸಹಕಾರ ಸಂಘವನ್ನು ರಚಿಸಿಕೊಂಡು, ತಮ್ಮ ಸೋಲಾರ್ ಫಲಕಗಳಲ್ಲಿ ಹುಟ್ಟಿದ ಹೆಚ್ಚಿನ ವಿದ್ಯುತ್ತನ್ನು ವಿದ್ಯುತ್ ಕಂಪನಿಗೆ ಮಾರತೊಡಗಿದರು. ಬಿಸಿಲಿಗೆ ಬೆಲೆ ಬಂದ ಮೇಲೆ ವ್ಯರ್ಥವಾಗಿ ನೀರೆತ್ತುವ ಆಶೆ ಕಡಿಮೆಯಾಗುವುದು ಸಹಜ. ತಂತಿಯ ಸಂಪರ್ಕವಿಲ್ಲದ ಕಡೆ ಹನಿ ನೀರಾವರಿಯನ್ನು ಅಳವಡಿಸುವುದು, ಹೊಲದಲ್ಲಿ ತೊಟ್ಟಿ ಕಟ್ಟಿ ಅದು ತುಂಬಿದ ಕೂಡಲೇ ಪಂಪನ್ನು ನಿಲ್ಲಿಸುವುದು, ಒಂದೇ ಪಂಪನ್ನು ಇಬ್ಬರು ಮೂವರು ಸರದಿಯ ಮೇಲೆ ಬಳಸುವುದು ಇವು ಸಾಧ್ಯವಾದ ಕ್ರಮಗಳು.

೪. ಎಣ್ಣೆ ನೀರುಗಳೆರಡನ್ನೂ ಉಳಿಸುವ ಬೇಸಾಯ

ಭತ್ತವನ್ನು ಬೆಳೆಯಲೇಬೇಕೆನ್ನುವವರಿಗೆ ಕೂರಿಗೆ ಭತ್ತದ ಪದ್ಧತಿಯು ಉತ್ತಮವಾದುದು. ಇದರಲ್ಲಿ ಸಸಿಮಡಿ ಇಲ್ಲ, ನಾಟಿ ಇಲ್ಲ, ಟ್ರ್ಯಾಕ್ಟರಿನಿಂದ ಕೆಸರು ತುಳಿಸುವ ಕೆಲಸವೂ ಇಲ್ಲ. ಹದವಾದ ಒಣಭೂಮಿಯಲ್ಲಿ ಕೂರಿಗೆಯಿಂದ ಬಿತ್ತಲಾಗುವುದು. ಆದುದರಿಂದ ನೀರು, ಎಣ್ಣೆ, ಕೂಲಿ ಮೂರೂ ಉಳಿಯುವುವು. ಕಳೆಯ ಹಾವಳಿ ಮಾತ್ರ ಹೆಚ್ಚು. ಬಿತ್ತಿದ ಕೂಡಲೇ ಕಳೆಯನ್ನು ತಡೆಯುವ ಏರ್ಪಾಡು ಮಾಡದವನು ಈ ಪದ್ಧತಿಗೆ ಕೈಹಾಕಬಾರದು. ಎಳೆಯ ಪೈರಿನ ಹೊಸ ಎಲೆಗಳು ಬಿಳಿಚಿಕೊಂಡಲ್ಲಿ ಅದು ಕಬ್ಬಿಣದ ಅಂಶದ ಕೊರತೆಯ ಗುರುತು. ಶೇಕಡ ಅರ್ಧದಷ್ಟು ಫೆರಸ್ ಸಲ್ಫೇಟ್ ದ್ರಾವಣವನ್ನು ಸಿಂಪಡಿಸತಕ್ಕದ್ದು.

ನಾಟಿ ಮಾಡುವವರು ಗದ್ದೆಯಲ್ಲಿ ಸದಾ ನೀರು ನಿಲ್ಲಿಸಬೇಕಾಗಿಲ್ಲ. ತೂತುಗಳುಳ್ಳ ಒಂದು ಕೊಳವೆಯನ್ನು ಗದ್ದೆಯಲ್ಲಿ ಹೂಳಿ ಒಳಗಿನ ಮಣ್ಣನ್ನು ತೆಗೆಯಬೇಕು. ಅದರಲ್ಲಿ ಕಾಣುವ ನೀರು ಮಣ್ಣಿನ ಮಟ್ಟದಿಂದ ೧೫ ಸೆಂಟಿಮೀಟರ್ ಕೆಳಕ್ಕೆ ಇಳಿದಾಗ ಮಾತ್ರ ಮತ್ತೆ ನೀರು ಕಟ್ಟಬೇಕು. ಹೂ ಬಿಡುವ ಕಾಲದಲ್ಲಿ ಮಾತ್ರ ನೀರು ನಿಂತಿರತಕ್ಕದ್ದು. ಈ ಕ್ರಮದಿಂದ ಶೇಕಡ ೩೦ರವರೆಗೆ ನೀರು ಉಳಿಯುವುದೆಂದು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ತಿಳಿಸಿರುತ್ತದೆ. ನಿಂತ ನೀರಿನ ಕೆಸರಿನಿಂದ ಹೊರಡುವ ಮೀಥೇನ್ ಎಂಬ ತಾಪಕಾರಕ ವಾಯುವೂ ಕಡಿಮೆಯಾಗುವುದು. ಯೂರಿಯಾವನ್ನು ಒಂದೇ ಸಲಕ್ಕೆ ಸುರಿಯದೆ ಕಂತುಗಳಲ್ಲಿ ಕೊಡಬೇಕು; ಹೆಚ್ಚಾದುದು ನೈಟ್ರೇಟ್ ಆಗಿ ಬಾವಿಗೆ ಇಳಿಯುವುದು. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ ೪೫ ಮಿಲಿಗ್ರಾಂ ಮೀರಿದರೆ ಎಳೆ ಮಕ್ಕಳಿಗೆ ಅಪಾಯವುಂಟು.

೫. ಸಾಗಣೆ

ಒಂದೇ ಗ್ರಾಮದಿಂದ ಒಂದೇ ದಿನ ಐದಾರು ಟ್ರ್ಯಾಕ್ಟರುಗಳು ಅರ್ಧ ಹೇರಿಕೊಂಡು ಸಿಂಧನೂರಿನ ಮಾರುಕಟ್ಟೆಗೆ ಹೋಗುವುದು ಎಣ್ಣೆಯ ಅಪವ್ಯಯ. ಪ್ರಾಥಮಿಕ ಸಹಕಾರ ಸಂಘದ ಮೂಲಕ ಮಾಲನ್ನು ಒಟ್ಟುಗೂಡಿಸಿ ಪೂರ್ಣ ಹೇರು ಸಾಗಿಸಿದರೆ ಬಾಡಿಗೆಯೂ ಎಣ್ಣೆಯೂ ಉಳಿಯುವುವು. ಹಾಲು, ತರಕಾರಿ, ಗೊಬ್ಬರದ ಚೀಲ ಇವುಗಳ ಹತ್ತಿರದ ಸಾಗಣೆಗೆ ಬ್ಯಾಟರಿಯಿಂದ ನಡೆಯುವ ಮೂರು ಗಾಲಿಯ ಸರಕು ಆಟೋ ಸಾಕಾಗುವುದು. ಗಿಣಿಗೇರಾದಿಂದ ಹೊರಟ ಹೊಸ ರೈಲುಮಾರ್ಗವು ಕಾರಟಗಿಯನ್ನು ದಾಟಿ ೨೦೨೪ರಲ್ಲಿ ಸಿಂಧನೂರನ್ನು ತಲುಪಿರುತ್ತದೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಲ್ಲಿ ಘರ್ಷಣೆ ಅಲ್ಪವಾದುದರಿಂದ, ಅಷ್ಟೇ ಭಾರವನ್ನು ಅಷ್ಟೇ ದೂರಕ್ಕೆ ಒಯ್ಯಲು ರೈಲಿಗೆ ಲಾರಿಗಿಂತ ಬಹಳ ಕಡಿಮೆ ಶಕ್ತಿ ಸಾಕು. ದೂರದ ಪೇಟೆಗಳಿಗೆ ಅಕ್ಕಿಯನ್ನು ಕಳುಹಿಸುವವರು, ಸರಕಿನ ಸೌಲಭ್ಯ ದೊರೆಯುವ ನಿಲ್ದಾಣಗಳಿಂದ ರೈಲನ್ನೇ ಆಶ್ರಯಿಸುವುದು ಲೇಸು.

೬. ಕುಡಿಯುವ ನೀರಿನ ರಕ್ಷಣೆ

ಕಾಲುವೆಯ ಬದಿಯ ಅನೇಕ ಗ್ರಾಮಗಳು ಕಾಲುವೆ ಹರಿಯುವಾಗ ಕೆರೆಯನ್ನು ತುಂಬಿಸಿಕೊಂಡು, ಬೇಸಿಗೆಯಲ್ಲಿ ಅದೇ ನೀರನ್ನು ಕುಡಿಯುವುವು. ಇಂತಹ ಕೆರೆಯ ಒಡ್ಡಿನ ಮೇಲೆ ಎಣ್ಣೆಯಂತ್ರವನ್ನು ಇಡಬಾರದು, ದನಗಳನ್ನು ಇಳಿಸಬಾರದು, ಔಷಧ ಸಿಂಪಡಿಸುವ ಡಬ್ಬಿಗಳನ್ನೂ ವಾಹನಗಳನ್ನೂ ಕೆರೆಯಲ್ಲಾಗಲಿ ಕೆರೆಗೆ ನೀರು ತರುವ ಕಾಲುವೆಯಲ್ಲಾಗಲಿ ತೊಳೆಯಬಾರದು. ೨೦೨೨ರ ಮೇ ತಿಂಗಳ ಕೊನೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರನ್ನು ಕುಡಿದು ಅನೇಕರು ಅಸ್ವಸ್ಥರಾಗಿ ಕೆಲವರು ಮರಣ ಹೊಂದಿದರು. ನಗರದಲ್ಲಿಯೇ ಹೀಗಾಗುವಾಗ ಗ್ರಾಮಗಳು ಎಷ್ಟು ಎಚ್ಚರವಾಗಿರಬೇಕೆಂಬುದನ್ನು ಊಹಿಸಬಹುದು.

ಕುದಿಸುವುದರಿಂದ ರೋಗಾಣುಗಳು ಸಾಯುವುವು. ಆದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಉಳಿದ ನೀರಿನಲ್ಲಿ ದಟ್ಟವಾಗುವುದು. ಶುದ್ಧೀಕರಣ ಘಟಕದಿಂದ ಹೊರಬೀಳುವ ತ್ಯಾಜ್ಯ ನೀರಿನಲ್ಲಿ ಲವಣಾಂಶಗಳು ಹೆಚ್ಚಾಗಿರುವ ಕಾರಣ ಅದನ್ನು ಬಾವಿಯ ಬಳಿ ಬಿಡಬಾರದು. ಮನೆಯ ಮಾಳಿಗೆಯ ಮೇಲೆ ಬಿದ್ದ ಮಳೆನೀರಿನಲ್ಲಿ ಫ್ಲೋರೈಡ್ ಅತ್ಯಲ್ಪ; ಮೊದಲ ಮಳೆಯನ್ನು ಹೊರಗೆ ಬಿಟ್ಟು, ತರುವಾಯದ್ದನ್ನು ಮುಚ್ಚಿದ ತೊಟ್ಟಿಯಲ್ಲಿ ಹಿಡಿದಿಟ್ಟು, ಕುದಿಸಿ ಕುಡಿಯಬಹುದು.

೭. ಗ್ರಾಮಮುಖ್ಯಸ್ಥರ ಕರ್ತವ್ಯ

ಗ್ರಾಮಮುಖ್ಯಸ್ಥರು ಈ ಕೆಳಗಿನ ಕೆಲಸಗಳನ್ನು ವರ್ಷಕ್ಕೊಮ್ಮೆ ತಪ್ಪದೆ ಮಾಡಿಸತಕ್ಕದ್ದು.

(ಅ) ಮುಂಗಾರಿಗೆ ಮೊದಲು ಒಮ್ಮೆ, ಮಳೆಗಾಲದ ತರುವಾಯ ಒಮ್ಮೆ ಕುಡಿಯುವ ನೀರನ್ನೆಲ್ಲ ಪರೀಕ್ಷೆಗೆ ಕಳುಹಿಸಿ, ಫಲಿತಾಂಶವನ್ನು ಚಾವಡಿಯಲ್ಲಿಯೂ ಶಾಲೆಯಲ್ಲಿಯೂ ಬರೆಯಿಸುವುದು.

(ಆ) ಫ್ಲೋರೈಡ್ ಮೀರಿದ ಬೋರುಗಳಿಗೆ ಕೆಂಪು ಬಣ್ಣ ಹಚ್ಚಿಸಿ, ಕುಡಿಯಲು ಬಳಸದಂತೆ ನೋಡಿಕೊಳ್ಳುವುದು.

(ಇ) ಗ್ರಾಮದಲ್ಲಿರುವ ಡೀಸೆಲ್ ಯಂತ್ರಗಳು, ಕೊಳವೆ ಬಾವಿಗಳು, ಅವುಗಳ ಆಳ ಮತ್ತು ನೀರಿನ ಮಟ್ಟ ಇವುಗಳ ಪಟ್ಟಿಯನ್ನು ಇಡುವುದು.

(ಈ) ಸೋಲಾರ್ ಪಂಪಿಗೆ ಅರ್ಜಿ ಹಾಕುವವರಿಗೆ ಹನಿ ನೀರಾವರಿಯನ್ನೂ ಸರದಿಯ ಕ್ರಮವನ್ನೂ ಗ್ರಾಮಸಭೆಯಲ್ಲಿ ಒಪ್ಪಿಸುವುದು.

(ಉ) ಕಾಲುವೆಯ ಮೇಲ್ಭಾಗದ ಭೂಮಾಲೀಕರು ಪ್ರಥಮವಾಗಿ ತಮ್ಮ ಜಮೀನಿನ ಒಂದು ಭಾಗದಲ್ಲಿ ಕೂರಿಗೆ ಭತ್ತವನ್ನೋ ಅಲ್ಪ ನೀರಿನ ಬೆಳೆಯನ್ನೋ ಬೆಳೆದು ತೋರಿಸುವುದು. ದೊಡ್ಡವರು ಮಾಡಿದುದನ್ನು ಸಣ್ಣ ಹಿಡುವಳಿದಾರರು ಅನುಸರಿಸುವರು.

ಮಸ್ಕಿಯ ಬಂಡೆಯ ಮೇಲೆ ೧೯೧೫ರಲ್ಲಿ ದೊರೆತ ಶಾಸನವು ಅಶೋಕ ಚಕ್ರವರ್ತಿಯ ಹೆಸರನ್ನೇ ಹೊತ್ತಿದ್ದು ಜಗತ್ಪ್ರಸಿದ್ಧವಾಗಿದೆ. ಅದೇ ಅರಸನು ಬೇರೆ ಕಡೆಗಳಲ್ಲಿ ಕೊರೆಯಿಸಿದ ಶಾಸನಗಳಲ್ಲಿ, ದಾರಿಗಳ ಬದಿಯಲ್ಲಿ ಮರಗಳನ್ನು ನೆಡಿಸಿ ಬಾವಿಗಳನ್ನು ತೋಡಿಸಿದ ಸಂಗತಿಯನ್ನು ಹೇಳಿರುತ್ತಾನೆ. ದಾರಿಯೂ ನೀರೂ ಪ್ರಜೆಗಳಿಗೆ ಹಿತವಾಗಿರುವಂತೆ ನೋಡಿಕೊಳ್ಳುವುದು ಊರಿನ ಹಿರಿಯರ ಹಳೆಯ ಧರ್ಮವೇ ಆಗಿದೆ. ಬರುವ ಯುಗಾದಿಯಿಂದ ಪ್ರತಿಯೊಬ್ಬ ಭೂಮಾಲೀಕನೂ ತನ್ನ ಲೆಕ್ಕದ ಪುಸ್ತಕದಲ್ಲಿ ಎರಡು ಹೊಸ ಪುಟಗಳನ್ನು ತೆರೆದು, ಒಂದರಲ್ಲಿ ಸುಟ್ಟ ಎಣ್ಣೆಯನ್ನೂ ಮತ್ತೊಂದರಲ್ಲಿ ಪಂಪು ಓಡಿದ ಗಂಟೆಗಳನ್ನೂ ಬರೆಯತೊಡಗಿದರೆ, ಎಲ್ಲಿ ಕಡಿಮೆ ಮಾಡಬೇಕೆಂಬುದು ಮೊದಲ ವರ್ಷದಲ್ಲಿಯೇ ತಾನಾಗಿ ತಿಳಿದುಬರುವುದು.